ಹೊಗೆಯ ಬಣ್ಣ ನೋಡಿಯೇ ಲೋಡರ್ ಇಂಜಿನ್ ಹೋಗಿದೆ ಎನ್ನಬಹುದೇ?

ಹೇಳಿಕೆ: "ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀಲಿ ಬಂದರೆ ಪಿಸ್ಟನ್ ಹೋಗಿದೆ, ಕಪ್ಪು ಬಂದರೆ ಇಂಜಿನ್ ಇಳಿಸಲೇಬೇಕು."

ಸತ್ಯಾಂಶ: ಇದು ಅರ್ಧ ಸತ್ಯ. ಹೊಗೆ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ನಾವು ಸಾಮಾನ್ಯವಾಗಿ 'ಬಾಬ್‌ಕ್ಯಾಟ್' ಎಂದು ಕರೆಯುವ ಚಿಕ್ಕ ಲೋಡರ್ ಹುಟ್ಟಿದ್ದು ಅಮೆರಿಕದ ಮಿನ್ನೆಸೋಟಾದಲ್ಲಿ. ಟರ್ಕಿ ಕೋಳಿಯ ಶೆಡ್ಡಿನಿಂದ ಗೊಬ್ಬರ ತೆಗೆಯಲು ಕೆಲ್ಲರ್ ಸಹೋದರರು 1957ರಲ್ಲಿ ಇದರ ಮೊದಲ ರೂಪವನ್ನು ತಯಾರಿಸಿದರು. ಇಕ್ಕಟ್ಟಿನಲ್ಲಿ, ಧೂಳಿನಲ್ಲಿ ದುಡಿಯುವ ಈ ಯಂತ್ರದ ಇಂಜಿನ್ ಹಿಂಬದಿಯ ಸಣ್ಣ ಗೂಡಿನಲ್ಲಿರುತ್ತದೆ. ಹಾಗಾಗಿ ಏರ್ ಫಿಲ್ಟರ್ ಮತ್ತು ರೇಡಿಯೇಟರ್ ಬೇಗ ಕಟ್ಟಿಕೊಳ್ಳುತ್ತವೆ.

ಹೊಗೆ ಏನು ಹೇಳುತ್ತದೆ?

ಕಪ್ಪು: ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರ್ ಬದಲಿಸಿದರೆ ಸರಿಹೋಗಬಹುದು. ಇಂಜೆಕ್ಟರ್, ಟರ್ಬೊ ದೋಷವೂ ಇರಬಹುದು.

ಬಿಳಿ: ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಅದು ಉರಿಯದ ಡೀಸೆಲ್. ಇಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು.

ನೀಲಿ: ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್, ಟರ್ಬೊ ಸೀಲ್ ಸವೆದಿರಬಹುದು. ಆಯಿಲ್ ಹೆಚ್ಚು ತುಂಬಿರಲೂಬಹುದು. ದಪ್ಪ ಆಯಿಲ್ ಹಾಕಿದರೆ ಹೊಗೆ ಕೆಲವು ದಿನ ತಗ್ಗಬಹುದು, ಸವೆದ ರಿಂಗ್ ಮಾತ್ರ ರಿಪೇರಿಯಾಗದು.

ಇಂಜಿನ್ ಬಿಚ್ಚುವ ಮೊದಲು

1. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ಅದರಲ್ಲಿ ನೀರು ಅಥವಾ ಕೂಲೆಂಟ್ ಸೇರಿದೆ. ಮತ್ತೆ ಸ್ಟಾರ್ಟ್ ಮಾಡಬೇಡಿ. ಹೆಡ್ ಗ್ಯಾಸ್ಕೆಟ್ ಅಲ್ಲದೆ ಆಯಿಲ್ ಕೂಲರ್ ಸೋರಿದರೂ ಹೀಗಾಗುತ್ತದೆ.

2. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಪರೀಕ್ಷಿಸಿ.

3. ಬಕೆಟ್ ಎತ್ತುವಾಗ ಮಾತ್ರ ಇಂಜಿನ್ ಕುಗ್ಗಿದರೆ ಹೈಡ್ರಾಲಿಕ್ ದೋಷವೂ ಇರಬಹುದು.

4. ಮೆಕ್ಯಾನಿಕ್‌ನಿಂದ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಪ್ರತಿ ಸಿಲಿಂಡರ್‌ನ ಅಂಕಿಯನ್ನು ಬರೆದುಕೊಡಲು ಕೇಳಿ. ಅಕ್ಕಪಕ್ಕದ ಎರಡರಲ್ಲಿ ಒತ್ತಡ ಕಡಿಮೆಯಿದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

5. ಸಿಲಿಂಡರ್‌ಗೆ ಗಾಳಿ ತುಂಬಿ ಅದು ಎಲ್ಲಿ ಸೋರುತ್ತದೆ ಎಂದು ನೋಡುವ ಪರೀಕ್ಷೆಯೂ ಇದೆ. ಆಯಿಲ್ ಕ್ಯಾಪ್‌ನಲ್ಲಿ ಬಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು.

ರಿಪೇರಿಯಲ್ಲಿ ಮರೆಯಬಾರದ ಮಾತು

ಕೆಟ್ಟ ಭಾಗ ಬದಲಿಸಿದರೆ ಸಾಲದು, ಕೆಟ್ಟ ಕಾರಣವನ್ನೂ ಸರಿಪಡಿಸಬೇಕು. ಸೀಳಿದ ಏರ್ ಹೋಸ್‌ನಿಂದ ಧೂಳು ನುಗ್ಗುತ್ತಿದ್ದರೆ ಹೊಸ ಪಿಸ್ಟನ್ ಕೂಡ ಸವೆಯುತ್ತದೆ. ಇಂಜಿನ್ ಕಾದು ಗ್ಯಾಸ್ಕೆಟ್ ಹೋಗಿದ್ದರೆ ಹೆಡ್ ಬಾಗಿದೆಯೇ ಎಂದು ಅಳೆಸಿ, ರೇಡಿಯೇಟರ್ ಶುಚಿ ಮಾಡಿಸಿ.

ಎಚ್ಚರಿಕೆ

ಡೀಸೆಲ್ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ರಟ್ಟಿನ ತುಂಡು ಹಿಡಿದು ನೋಡಿ. ಹೆಚ್ಚಿನ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ. ತಕ್ಷಣ ಆಸ್ಪತ್ರೆಗೆ ಹೋಗಿ, ನಡೆದದ್ದನ್ನು ವೈದ್ಯರಿಗೆ ತಿಳಿಸಿ. ಬಿಸಿ ರೇಡಿಯೇಟರ್‌ನ ಮುಚ್ಚಳ ತೆರೆಯಬೇಡಿ. ಲಾಕ್ ಹಾಕದ ಲಿಫ್ಟ್ ಆರ್ಮ್ ಕೆಳಗೆ ಹೋಗಬೇಡಿ.

ತೀರ್ಮಾನ: ಬಣ್ಣ ನೋಡಿ ಸಂಶಯ ಪಡೋಣ, ಪರೀಕ್ಷೆ ಮಾಡಿಸಿ ನಿರ್ಧರಿಸೋಣ. ಅಂಥ ಫಾರ್ವರ್ಡ್ ಮತ್ತೆ ಬಂದರೆ ಇದನ್ನೂ ಜೊತೆಗೆ ಕಳಿಸಿ.