ಎಣ್ಣೆಯಲ್ಲಿ ಎಳ್ಳೆಲ್ಲಿ?

ಸೀಮೆಎಣ್ಣೆಯಲ್ಲಿ ಎಳ್ಳಿನ ಅಂಶ ಎಳ್ಳಷ್ಟೂ ಇಲ್ಲ. ಇರಬೇಕೇಕೆ ಎಂದಿರಾ? 'ಎಣ್ಣೆ' ಎಂಬ ಪದ ಹುಟ್ಟಿದ್ದೇ ಎಳ್ಳಿನಿಂದ. 'ಎಳ್' ಮತ್ತು 'ನೆಯ್' (ಜಿಡ್ಡು) ಕೂಡಿ ಎಣ್ಣೆಯಾಯಿತು ಎನ್ನುತ್ತಾರೆ ಭಾಷಾವಿದ್ವಾಂಸರು. ಸಂಸ್ಕೃತದ 'ತೈಲ'ವೂ ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು. ಇಂಗ್ಲಿಷಿನ 'ಆಯಿಲ್'ನ ಮೂಲ ಗ್ರೀಕರ ಆಲಿವ್.

ಗಾಣಕ್ಕೆ ಕುಸುಬೆ, ಹರಳು ಬಿದ್ದಂತೆ ಪದದ ಅರ್ಥವೂ ಹಿಗ್ಗಿತು. 19ನೇ ಶತಮಾನದಲ್ಲಿ ಸೀಮೆಎಣ್ಣೆ ಬಂದಾಗ ಅದಕ್ಕೂ ಇದೇ ಹೆಸರು ಸಾಕಾಯಿತು. ಇದು ಭಾಷೆಯ ತಪ್ಪಲ್ಲ. ಅದು ಬೆಳೆಯುವ ಬಗೆಯೇ ಹೀಗೆ.

ಆದರೆ ಡಬ್ಬಿಯೊಳಗಿನ ವಸ್ತುವಿಗೆ ಪದ ಜಾಮೀನು ನಿಲ್ಲದು. 1998ರಲ್ಲಿ ದೆಹಲಿಯಲ್ಲಿ ಆರ್ಗಿಮೋನ್ ಬೀಜದ ವಿಷತೈಲ ಬೆರೆತ ಸಾಸಿವೆ ಎಣ್ಣೆ ತಿಂದು ಹಲವರು ಸತ್ತರು. ಅದೂ ಮಾರಾಟವಾದದ್ದು 'ತೇಲ್' ಎಂದೇ. ಪದ ಹಿಗ್ಗಿದರೆ ಕೇಡಿಲ್ಲ. ಅದರ ಮರೆಯಲ್ಲಿ ವಸ್ತು ಬದಲಾದರೆ ಪ್ರಾಣಕ್ಕೇ ಸಂಚಕಾರ.