ಕರಾವಳಿಯ ಕೋಟೆಗಳು ಮತ್ತು ಅಚೌರ್ಯವ್ರತ

ಸೂಲಿಬೆಲೆ, ಹೊಸಕೋಟೆ, ದೇವನಹಳ್ಳಿಗಳಂತಹ ಬಯಲುಸೀಮೆಯ ಊರುಗಳ ಜೈನ ಕುಟುಂಬಗಳು ಯಾತ್ರೆಗೆ ಹೊರಟರೆ ಶ್ರವಣಬೆಳಗೊಳ, ಧರ್ಮಸ್ಥಳ, ಮೂಡುಬಿದಿರೆ, ಕಾರ್ಕಳಗಳನ್ನು ದರ್ಶಿಸಿ ಮರಳುವುದು ರೂಢಿ. ಅಲ್ಲಿಂದ ಕರಾವಳಿಯಗುಂಟ ಉತ್ತರಕ್ಕೆ ಸಾಗಿ ಹೊನ್ನಾವರವನ್ನು ತಲುಪುವವರು ವಿರಳ. ಹೊನ್ನಾವರದ ಬಳಿ ಶರಾವತಿ ನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆ ಅಳಿವೆಯಲ್ಲಿ ದೋಣಿಯೇರಿದವರಿಗೆ ಜೈನ ಇತಿಹಾಸದ ಒಂದು ಮಹತ್ತ್ವದ ಅಧ್ಯಾಯವು ತೆರೆದುಕೊಳ್ಳುತ್ತದೆ. ಅದರೊಡನೆ ಶ್ರಾವಕನ ಸತ್ಯನಿಷ್ಠೆಗೆ ಒಂದು ಪರೀಕ್ಷೆಯೂ ಎದುರಾಗುತ್ತದೆ.

ಈ ನದೀತೀರದ ಗೇರುಸೊಪ್ಪೆಯು ಸಾಳುವ ವಂಶದ ಜೈನ ಅರಸರ ರಾಜಧಾನಿಯಾಗಿತ್ತು. ಈ ವಂಶದ ರಾಣಿ ಚೆನ್ನಭೈರಾದೇವಿಯು 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷಗಳ ಕಾಲ ಆಳಿದಳು. ಘಟ್ಟದ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ದೋಣಿಗಳಲ್ಲಿ ಹೊನ್ನಾವರದ ಬಂದರಿಗೆ ಸಾಗುತ್ತಿತ್ತು. ಪೋರ್ಚುಗೀಸರು ಆಕೆಯನ್ನು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ವ್ಯಾಪಾರವೂ ವೈರವೂ ಒಟ್ಟಿಗೆ ನಡೆದ ಕಾಲವದು. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನು ವಶಪಡಿಸಿಕೊಂಡು ಅಲ್ಲಿ ಕೋಟೆಯನ್ನು ಕಟ್ಟಿದರು. ಆದರೂ ರಾಣಿಯ ಆಳ್ವಿಕೆಯನ್ನು ಕೊನೆಗಾಣಿಸಿದವರು ಅವರಲ್ಲ. ಬಿಳಗಿಯ ಅರಸರ ನೆರವಿನೊಡನೆ ಬಂದ ಕೆಳದಿಯ ವೆಂಕಟಪ್ಪನಾಯಕ.

ಹೊನ್ನಾವರದ ಸಮೀಪದ ಕಡಲಿನಲ್ಲಿ ಬಸವರಾಜದುರ್ಗವೆಂಬ ದ್ವೀಪವಿದೆ. ಇಂಗ್ಲಿಷರು ತಮ್ಮ ನಕ್ಷೆಗಳಲ್ಲಿ ಇದನ್ನು ‘ಕೋಟೆಯುಳ್ಳ ದ್ವೀಪ’ವೆಂದೇ ಗುರುತಿಸಿದರು. ಜಂಬಿಟ್ಟಿಗೆಯ ಗೋಡೆಗಳ ಈ ದುರ್ಗವನ್ನು ಕಟ್ಟಿದವರು ಕೆಳದಿಯ ನಾಯಕರು, ಎಂದರೆ ಜೈನ ರಾಣಿಯನ್ನು ಸೋಲಿಸಿದ ಮನೆತನದವರು. ದೋಣಿಯಿಂದ ನೋಡುವ ಜೈನ ಯಾತ್ರಿಕನು ಇದನ್ನು ಅವರ ಕೀರ್ತಿಯೆಂದು ಒಪ್ಪಬೇಕು. ಕಟ್ಟಿದವರ ಜಾಣ್ಮೆಯನ್ನು ಮೆಚ್ಚಬೇಕು. ನಾನೂರು ವರ್ಷಗಳಿಗೂ ಹಿಂದಿನ ಸೋಲಿನ ದ್ವೇಷವನ್ನು ಇಂದು ಹೊತ್ತು ತಿರುಗುವುದು ಕಷಾಯವೇ ಹೊರತು ಧರ್ಮಾಭಿಮಾನವಲ್ಲ.

ಅಳಿವೆಯಿಂದ ನದಿಯಲ್ಲಿ ಮೇಲಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಗೇರುಸೊಪ್ಪೆಯಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಲ್ಲೆಯು ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಈ ಜಲಮಾರ್ಗದಲ್ಲೇ ಪ್ರಯಾಣ ಮಾಡಿದನು. ತಾನು ಕಂಡ ಅತಿ ಸುಂದರ ನದಿಗಳಲ್ಲಿ ಇದೂ ಒಂದೆಂದು ಅವನು ಬಣ್ಣಿಸಿದ್ದಾನೆ. ಆದರೆ ರಾಣಿಯ ನಗರವೂ ಅರಮನೆಯೂ ಆಗಲೇ ಪಾಳುಬಿದ್ದು ಗಿಡಮರಗಳಿಂದ ಮುಚ್ಚಿಹೋಗಿದ್ದವು. ರಾಜ್ಯವಳಿದು ಕೇವಲ ಹದಿನೇಳು ವರ್ಷಗಳಾಗಿದ್ದವು! ಅರಮನೆಯು ಮಣ್ಣುಪಾಲಾದರೂ ನಗರಬಸ್ತಿಕೇರಿಯ ಚತುರ್ಮುಖ ಬಸದಿಯು ಇಂದಿಗೂ ನಿಂತಿದೆ. ಅದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು. ನಾಲ್ಕು ದಿಕ್ಕಿಗೂ ಮುಖಮಾಡಿದ ಜಿನಬಿಂಬಗಳು.

ಹೊನ್ನಾವರದಿಂದ ಉತ್ತರಕ್ಕೆ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯ ಬಳಿ ಮಿರ್ಜಾನ ಕೋಟೆಯಿದೆ. ಶ್ರಾವಕನ ನಿಜವಾದ ಪರೀಕ್ಷೆಯು ಇಲ್ಲಿದೆ. ಸುತ್ತಲೂ ಕಂದಕ, ಎತ್ತರವಾದ ಬುರುಜುಗಳು. ಕರಾವಳಿಯ ಅತ್ಯಂತ ಸುಂದರವಾದ ಕೋಟೆಗಳಲ್ಲಿ ಇದೊಂದು. ಇದು ಚೆನ್ನಭೈರಾದೇವಿ ಕಟ್ಟಿಸಿದ್ದೆಂದು ಜನರು ಹೇಳುತ್ತಾರೆ. ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕನು 1608ರಿಂದ 1640ರ ನಡುವೆ ಇದನ್ನು ಕಟ್ಟಿಸಿದನೆಂಬುದು ಇನ್ನೊಂದು ಮತ. ಪುರಾತತ್ತ್ವ ಇಲಾಖೆಯ ಉತ್ಖನನದಲ್ಲಿ ದೊರೆತ ಫಿರಂಗಿ ಗುಂಡುಗಳು, ಚೀನಾ ಪಿಂಗಾಣಿಯ ಚೂರುಗಳು, ಪೋರ್ಚುಗೀಸರ ಚಿನ್ನದ ನಾಣ್ಯ ಇವು ಹಲವು ಕೈಗಳ ಗುರುತನ್ನು ತೋರುತ್ತವೆ. ಹೀಗಿರುವಾಗ ಮಕ್ಕಳನ್ನು ಕರೆದೊಯ್ದು, “ಇದು ನಮ್ಮ ರಾಣಿಯದು” ಎಂದಷ್ಟೇ ಹೇಳಿ ಮುಗಿಸುವುದು ಸರಿಯೇ?

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ ಅಳತೆಗಳನ್ನು ಹೆಚ್ಚುಕಡಿಮೆ ಮಾಡುವುದನ್ನೂ ನಕಲಿಯನ್ನು ಅಸಲಿಯೆಂದು ವ್ಯವಹರಿಸುವುದನ್ನೂ ಎಣಿಸಿದೆ. ವರ್ತಕರು ಇದನ್ನು ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಇತಿಹಾಸಕ್ಕೂ ಒಂದು ತಕ್ಕಡಿಯಿದೆ. ಒಬ್ಬರ ಶ್ರಮದ ಕೀರ್ತಿಯನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದರೆ ಅದೂ ಕೊಡದೆ ಇದ್ದುದನ್ನು ತೆಗೆದುಕೊಂಡಂತೆಯೇ. ಹಾಗೆಂದು ರಾಣಿಯ ಹೆಸರನ್ನು ಮಿರ್ಜಾನದಿಂದ ಅಳಿಸಿಬಿಡುವುದೂ ನ್ಯಾಯವಲ್ಲ. ಅದು ತಟ್ಟೆಯ ಇನ್ನೊಂದು ಬದಿಯ ಮೋಸವಾದೀತು. ಎರಡು ಮತಗಳನ್ನೂ ಆಯಾ ಆಧಾರಗಳೊಡನೆ ಹೇಳುವುದೇ ಅನೇಕಾಂತ ದೃಷ್ಟಿಗೆ ಒಪ್ಪುವ ದಾರಿ. ಐವತ್ತನಾಲ್ಕು ವರ್ಷ ರಾಜ್ಯವಾಳಿದ ರಾಣಿಗೆ ಎರವಲು ತಂದ ಕೀರ್ತಿಯ ಅಗತ್ಯವಿಲ್ಲ.

ಬಸದಿಗಳ ಟ್ರಸ್ಟುಗಳು ಯಾತ್ರೆಯನ್ನು ಏರ್ಪಡಿಸುವಾಗ ಶರಾವತಿಯ ದೋಣಿಯಾನ, ಗೇರುಸೊಪ್ಪೆ, ಮಿರ್ಜಾನಗಳನ್ನೂ ಸೇರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಅದು ಕಳೆದ ಮೇಲೆ ಹೊರಡುವುದು ಕ್ಷೇಮ. ದ್ವೀಪಕ್ಕೆ ಹೋಗಬಯಸುವವರು ಸ್ಥಳೀಯ ಅಧಿಕಾರಿಗಳಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಯಾತ್ರಿಕರ ಕೈಗೆ ಕೊಡುವ ಕರಪತ್ರದಲ್ಲಿ ಬಸವರಾಜದುರ್ಗದ ಮುಂದೆ ಕೆಳದಿಯ ಹೆಸರಿರಲಿ. ಮಿರ್ಜಾನದ ಮುಂದೆ ಎರಡೂ ಹೆಸರುಗಳಿರಲಿ. ಗೇರುಸೊಪ್ಪೆಯ ಮುಂದೆ ಚೆನ್ನಭೈರಾದೇವಿಯ ಹೆಸರಿರಲಿ. ಅಂತಹ ಕರಪತ್ರವನ್ನು ಓದಿದ ಮಕ್ಕಳು ಮುಂದೆ ತಕ್ಕಡಿಯನ್ನು ಹಿಡಿದಾಗಲೂ ಸರಿಯಾಗಿಯೇ ಹಿಡಿದಾರು.