ಚರ್ಚಿನ ನೆಲಮಾಳಿಗೆಯಲ್ಲಿ ಹುಟ್ಟಿದ ಹೈಸ್ಕೂಲು

ಇತಿಹಾಸ ಅಂದರೆ ರಾಜರ ವಂಶಾವಳಿ, ಯುದ್ಧಗಳ ಪಟ್ಟಿ ಅಂತ ನಮಗೆ ಬಾಯಿಪಾಠ ಮಾಡಿಸಿದ್ದಾರೆ. ಒಂದು ಸರ್ಕಾರಿ ಶಾಲೆಗೂ ಇತಿಹಾಸ ಇರುತ್ತದೆ. ಅದರ ಬಾಗಿಲಲ್ಲಿ ಯಾರನ್ನು ಒಳಗೆ ಬಿಟ್ಟರು, ಯಾರನ್ನು ಹೊರಗೆ ನಿಲ್ಲಿಸಿದರು ಅನ್ನುವುದರಲ್ಲಿ ಇಡೀ ಸಮಾಜದ ಚರಿತ್ರೆ ಇರುತ್ತದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಡನ್‌ಬಾರ್ ಹೈಸ್ಕೂಲಿನ ಕತೆ ಅಂಥದ್ದು. 1972ರಲ್ಲಿ ಮುಂಬಯಿಯ ದಲಿತ ಯುವಕರು ಕರಿಯರ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯಿಂದ ಹೆಸರು ಪಡೆದು ದಲಿತ ಪ್ಯಾಂಥರ್ ಕಟ್ಟಿದರು. ಹಾಗಾಗಿ ಕರಿಯರ ಬೀದಿ ಹೋರಾಟ ನಮಗೆ ಗೊತ್ತು. ಅವರ ಶಾಲೆಯ ಹೋರಾಟ ಅಷ್ಟಾಗಿ ಗೊತ್ತಿಲ್ಲ.

ವಾಷಿಂಗ್ಟನ್ನಿನಲ್ಲಿ ಗುಲಾಮಗಿರಿ ರದ್ದಾದದ್ದು 1862ರಲ್ಲಿ. ಎಂಟೇ ವರ್ಷಕ್ಕೆ, 1870ರಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕರಿಯ ಮಕ್ಕಳ ಹೈಸ್ಕೂಲು ಶುರುವಾಯಿತು. ಬಿಳಿಯರ ಶಾಲೆಯಲ್ಲಿ ಅವರಿಗೆ ಜಾಗ ಇರಲಿಲ್ಲ. 1891ರಲ್ಲಿ ಎಂ ಸ್ಟ್ರೀಟ್‌ನಲ್ಲಿ ಸ್ವಂತ ಕಟ್ಟಡ ಬಂತು. 1916ರಲ್ಲಿ ಇನ್ನೂ ದೊಡ್ಡ ಕಟ್ಟಡಕ್ಕೆ ಹೋದಾಗ ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಹೆಸರಿಟ್ಟರು. ಆತ ಗುಲಾಮರಾಗಿದ್ದ ತಂದೆತಾಯಿಯ ಮಗ. ಓದು ಮುಗಿಸಿದ ಮೇಲೂ ಲಿಫ್ಟ್ ನಡೆಸಿ ಹೊಟ್ಟೆ ಹೊರೆದವನು.

ಆ ಶಾಲೆಯಲ್ಲಿ ಏನು ಕಲಿಸುತ್ತಿದ್ದರು? ಲ್ಯಾಟಿನ್, ಗಣಿತ, ವಿಜ್ಞಾನ, ಇತಿಹಾಸ, ಸಾಹಿತ್ಯ. ಇದೇ ದೊಡ್ಡ ಜಗಳಕ್ಕೆ ಕಾರಣವಾಯಿತು. ಕರಿಯರಿಗೆ ಬಡಗಿ ಕೆಲಸ, ಅಡಿಗೆ, ಹೊಲಿಗೆ ಕಲಿಸಿದರೆ ಸಾಕು, ಲ್ಯಾಟಿನ್ ಯಾಕೆ ಅಂತ ಅಂದಿನ ದೊಡ್ಡವರ ವಾದ. ಈ ವಾದ ನಮಗೂ ಹೊಸದಲ್ಲ. 1953ರಲ್ಲಿ ಮದರಾಸಿನ ರಾಜಾಜಿ ಸರ್ಕಾರ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ಅಪ್ಪನ ಕಸುಬು ಅಂತ ಯೋಜನೆ ತಂದಿತ್ತು. ಜನ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಎದುರಿಸಿದರು. ಮರುವರ್ಷವೇ ಅದು ಬಿದ್ದುಹೋಯಿತು. ಶ್ರಮಕ್ಕೆ ಗೌರವ ಇರಬೇಕು, ಸರಿ. ಆದರೆ ಆ ಗೌರವದ ಪಾಠವನ್ನು ಒಡೆಯರ ಮಕ್ಕಳಿಗೆ ಯಾಕೆ ಯಾರೂ ಹೇಳುವುದಿಲ್ಲ?

1902ರಲ್ಲಿ ಈ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದವರು ಆನಾ ಜೂಲಿಯಾ ಕೂಪರ್. ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಹೆಂಗಸು. ಪಠ್ಯವನ್ನು ತಗ್ಗಿಸಲು ಒಪ್ಪಲಿಲ್ಲ, ಹುಡುಗರನ್ನು ದೊಡ್ಡ ದೊಡ್ಡ ಕಾಲೇಜುಗಳಿಗೆ ಕಳಿಸಿದರು. ಆಗ ಆರೋಪಗಳು ಬಂದವು: ಶಿಸ್ತು ಸಾಲದು, ಹೇಳಿದ ಪುಸ್ತಕ ಬಳಸುವುದಿಲ್ಲ, ಹಿಂದುಳಿದ ಹುಡುಗರ ಮೇಲೆ ಕನಿಕರ ಜಾಸ್ತಿ! 1906ರಲ್ಲಿ ಅವರನ್ನು ಆ ಸ್ಥಾನದಿಂದ ತೆಗೆದರು. ಆಕೆ 1910ರಲ್ಲಿ ಅದೇ ಶಾಲೆಗೆ ಲ್ಯಾಟಿನ್ ಕಲಿಸಲು ವಾಪಸು ಬಂದರು. 1925ರಲ್ಲಿ, ಅರವತ್ತು ದಾಟಿದ ಮೇಲೆ, ಪ್ಯಾರಿಸಿನಲ್ಲಿ ಡಾಕ್ಟರೇಟ್ ಪಡೆದರು.

ಒಂದು ಹೈಸ್ಕೂಲಿಗೆ ಡಾಕ್ಟರೇಟ್ ಪಡೆದ ಮೇಷ್ಟ್ರುಗಳು ಸಿಕ್ಕಿದ್ದು ಹೇಗೆ? ಉತ್ತರ ಕಹಿಯಾಗಿದೆ. ಅವರನ್ನು ಬಿಳಿಯರ ವಿಶ್ವವಿದ್ಯಾಲಯಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಕಲ್ಲಿದ್ದಲು ಗಣಿಯಲ್ಲಿ ದುಡಿದು ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದ ಕಾರ್ಟರ್ ವುಡ್ಸನ್ ಇಲ್ಲಿ ಪಾಠ ಹೇಳಿದರು. ಮುಂದೆ 1926ರಲ್ಲಿ ನೀಗ್ರೋ ಇತಿಹಾಸ ಸಪ್ತಾಹ ಆರಂಭಿಸಿದವರು ಅವರೇ. ಕರಿಯರ ಮೇಲಿನ ಗುಂಪುಕೊಲೆಗಳನ್ನು ಕುರಿತು ನಾಟಕ ಬರೆದ ಆಂಜಲೀನಾ ಗ್ರಿಮ್ಕೆ ಇಲ್ಲಿ ಇಂಗ್ಲಿಷ್ ಕಲಿಸಿದರು. ಇಲ್ಲಿ ಓದಿದ ಈವಾ ಡೈಕ್ಸ್ ಮತ್ತು ಸೇಡೀ ಅಲೆಗ್ಸಾಂಡರ್ 1921ರಲ್ಲಿ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮೂವರು ಕರಿಯ ಹೆಂಗಸರಲ್ಲಿ ಇಬ್ಬರು.

ಪಾಠದ ಹೊರಗೂ ಜೀವ ಇತ್ತು. ಚರ್ಚಾಕೂಟ, ಹಾಡಿನ ತಂಡ, ನಾಟಕ ಇದ್ದವು. ಎಲ್ಲಕ್ಕಿಂತ ಹೆಸರಾದದ್ದು ಹುಡುಗರ ಕೆಡೆಟ್ ದಳ. ಪ್ರತಿ ವರ್ಷದ ಕವಾಯತು ಸ್ಪರ್ಧೆ ನೋಡಲು ಊರಿಗೆ ಊರೇ ಸೇರುತ್ತಿತ್ತು. ಬಿಳಿಯರ ಸೇನೆ ಅಧಿಕಾರಿ ಸ್ಥಾನ ಕೊಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಈ ಹುಡುಗರು ತಲೆಯೆತ್ತಿ ನಡೆಯುವುದನ್ನು ಕಲಿತರು. 1940ರಲ್ಲಿ ಅಮೆರಿಕದ ಸೈನ್ಯದ ಮೊದಲ ಕರಿಯ ಜನರಲ್ ಆದ ಬೆಂಜಮಿನ್ ಡೇವಿಸ್ ಇದೇ ಶಾಲೆಯವನು.

ಆದರೆ ಗೆಳೆಯರೇ, ಹೊಗಳಿಕೆಗೆ ಇಷ್ಟಕ್ಕೇ ನಿಲ್ಲಬಾರದು. ಈ ಶಾಲೆಯ ಒಳಗೂ ಮೇಲು ಕೀಳು ಇತ್ತು. ಡಾಕ್ಟರು, ವಕೀಲರ ಮನೆಯ, ತಿಳಿಬಣ್ಣದ ಮಕ್ಕಳಿಗೆ ಹೆಚ್ಚು ಆದರ ಅನ್ನುವ ದೂರು ಬಹಳ ಕಾಲ ಇತ್ತು. ಅದೇ ಊರಿನ ಬಡ ಕರಿಯರ ಮಕ್ಕಳು ಕಿಕ್ಕಿರಿದ ಶಾಲೆಗಳಲ್ಲಿ ಪಾಳಿ ಮೇಲೆ ಓದುತ್ತಿದ್ದರು. 1947ರಲ್ಲಿ ಇದರ ವಿರುದ್ಧ ಮಕ್ಕಳನ್ನು ಶಾಲೆ ಬಿಡಿಸಿ ಮುಷ್ಕರ ಹೂಡಿದವರು ಯಾರು? ಗಾರ್ಡ್‌ನರ್ ಬಿಷಪ್ ಎಂಬ ಕ್ಷೌರಿಕ ಮತ್ತು ಅವನ ಜೊತೆಗಿದ್ದ ಬಡ ತಂದೆತಾಯಂದಿರು. ಓದಿದ ಕರಿಯರ ಮೇಲೆ ಅವನಿಗೆ ನಂಬಿಕೆ ಕಡಿಮೆ. ಆದರೂ ಅವನ ಬೆನ್ನಿಗೆ ನಿಂತ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಆತ 1911ರಲ್ಲಿ ಎಂ ಸ್ಟ್ರೀಟ್‌ ಶಾಲೆಯಿಂದ ತೇರ್ಗಡೆಯಾದ ಹುಡುಗ. ಹ್ಯೂಸ್ಟನ್ 1950ರಲ್ಲಿ ತೀರಿಕೊಂಡ. ಬಿಷಪ್ ಗುಂಪಿನ ಮೊಕದ್ದಮೆಯನ್ನು ಇನ್ನೊಬ್ಬ ಕರಿಯ ವಕೀಲ ಜೇಮ್ಸ್ ನಾಬ್ರಿಟ್ ಮುಂದುವರಿಸಿದ. 1954ರ ಮೇ 17ರಂದು ಸುಪ್ರೀಂ ಕೋರ್ಟು ಬಣ್ಣದ ಮೇಲೆ ಶಾಲೆ ಬೇರ್ಪಡಿಸುವುದು ಸಂವಿಧಾನಬಾಹಿರ ಎಂದಿತು. ಓದಿದವನು ಬಡವನ ಜೊತೆ ಬಂದು ನಿಂತಾಗ ಗೋಡೆ ಬಿತ್ತು.

ಗೋಡೆ ಬಿದ್ದ ಮೇಲೆ ಡನ್‌ಬಾರ್ ಬದಲಾಯಿತು. ಊರಿಗೆಲ್ಲ ತೆರೆದಿದ್ದ ಶಾಲೆ ಸುತ್ತಲಿನ ಬಡ ಕೇರಿಯ ಶಾಲೆಯಾಯಿತು, ಹಳೆಯ ಹೆಸರು ಮಸುಕಾಯಿತು. ಹಳೆಯ ಕಟ್ಟಡವನ್ನೂ 1970ರ ದಶಕದಲ್ಲಿ ಕೆಡವಿದರು. 2013ರಲ್ಲಿ ಮತ್ತೆ ಹೊಸದು ಕಟ್ಟಿದ್ದಾರೆ. ಇದನ್ನು ತೋರಿಸಿ ಕೆಲವರು ಹೇಳುತ್ತಾರೆ: ನೋಡಿ, ಬೇರೆ ಇದ್ದಾಗಲೇ ಚೆನ್ನಾಗಿತ್ತು, ಹೋರಾಟ ಯಾಕೆ ಬೇಕಿತ್ತು? ಈ ಮಾತಿನ ಮೋಸ ಗುರುತಿಸಬೇಕು. ಆ ಶಾಲೆಯನ್ನು ಬೆಳೆಸಿದ್ದು ಬೇರ್ಪಡಿಕೆ ಅಲ್ಲ. ಒಳ್ಳೆಯ ಮೇಷ್ಟ್ರು, ತಗ್ಗಿಸದ ಪಾಠ, ಮಕ್ಕಳ ಮೇಲಿನ ನಂಬಿಕೆ. ಇವು ಮೂರೂ ಒಂದು ಶಾಲೆಗೆ ಮಾತ್ರ ಸಿಕ್ಕಿ ಮಿಕ್ಕ ಕರಿಯ ಮಕ್ಕಳಿಗೆ ಸಿಗದೇ ಹೋದದ್ದೇ ಬೇರ್ಪಡಿಕೆಯ ಪಾಪ.

1899ರಲ್ಲಿ ಊರಿನ ಹೈಸ್ಕೂಲುಗಳಿಗೆಲ್ಲ ಪರೀಕ್ಷೆ ನಡೆಸಿದಾಗ ಈ ಕರಿಯ ಮಕ್ಕಳು ಬಿಳಿಯರ ಎರಡು ಹೈಸ್ಕೂಲುಗಳನ್ನು ಹಿಂದೆ ಹಾಕಿದ್ದರು. ಗುಲಾಮಗಿರಿ ಮುಗಿದು ಆಗ ಮೂವತ್ತೇಳೇ ವರ್ಷ. ಹಾಸ್ಟೆಲ್ಲಿನ ಹುಡುಗನಿಗೆ, ಕೇರಿಯ ಹುಡುಗಿಗೆ "ನಿನಗೆ ಗಣಿತ ಹತ್ತೋದಿಲ್ಲ ಬಿಡು" ಅಂತ ಯಾರಾದರೂ ಅಂದರೆ, ಹಳ್ಳಿಯ ಮೇಷ್ಟ್ರುಗಳೇ, ಈ ಲೆಕ್ಕವನ್ನು ಅವರ ಮುಂದೆ ಇಡಿ. ಆಮೇಲೆ ಆ ಮಗುವಿಗೆ ಕಷ್ಟದ ಲೆಕ್ಕವನ್ನೇ ಕಲಿಸಿ.